ಅಮ್ಮ ದುಡಿಯಲು ಹೋದಾಗ ಅಕ್ಕ ಏನು ಮಾಡುತ್ತಾಳೆ?

ವರ್ಷಗಳ ಹಿಂದಿನ ಒಂದು ಜೂನ್, ಮೊದಲ ವಾರ. ಬಂಟ್ವಾಳ ತಾಲ್ಲೂಕಿನ ಒಂದು ಮನೆಯ ಜಗಲಿ. ಹೊರಗೆ ಜಡಿಮಳೆ. ಕಾಲು ಚಾಚಿ ಕೂತ ತಾಯಿಯ ತೊಡೆಯ ಮೇಲೆ ಮೊರ. ಅದರ ಒಂದು ಮಗ್ಗುಲಲ್ಲಿ ಅಳತೆಗೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಇನ್ನೊಂದು ಮಗ್ಗುಲಲ್ಲಿ ಹೊಗೆಸೊಪ್ಪಿನ ಪುಡಿ. ಎಲೆ ತೆಗೆದು, ಚಿಟಿಕೆ ಪುಡಿ ಉದುರಿಸಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಲು ಅವಳಿಗೆ ಕಣ್ಣು ಬೇಕಿಲ್ಲ. ಕಣ್ಣು ಎದುರಿಗೆ ಕೂತ ಮಗನ ಮೇಲಿದೆ. ಅವನು ಮಗ್ಗಿ ಒಪ್ಪಿಸುತ್ತಿದ್ದಾನೆ. ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಇಪ್ಪತ್ತೈದರ ಮಗ್ಗಿಯಲ್ಲಿ ಮಗ ತಪ್ಪಿದರೆ ಥಟ್ಟನೆ ಹಿಡಿಯುತ್ತಾಳೆ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಈ ಲೆಕ್ಕದಲ್ಲಿ ಅವಳನ್ನು ಬೀಡಿ ಎಣಿಸಿಕೊಳ್ಳುವ ಯಾವ ಬ್ರಾಂಚಿನವನೂ ಇಷ್ಟು ವರ್ಷದಲ್ಲಿ ಯಾಮಾರಿಸಿಲ್ಲ.

ಒಳಗೆ ಒಬ್ಬಳು ಹುಡುಗಿ ಗಂಜಿಯ ಪಾತ್ರೆ ಇಳಿಸುತ್ತಿದ್ದಾಳೆ. ಎಂಟನೇ ಕ್ಲಾಸು. ತಮ್ಮನ ಬ್ಯಾಗು ತುಂಬಿ ಬಾಗಿಲ ಹತ್ತಿರ ಬಂದು ಕೂತಿದೆ. ಅವಳದು ಇನ್ನೂ ಗೋಡೆಯ ಮೊಳೆಯಲ್ಲೇ ಇದೆ. ಅವಳನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ತಾಯಂದಿರ ದುಡಿಮೆ ಮತ್ತು ಮಕ್ಕಳ ಓದು ಎಂಬ ವಿಷಯ ಎತ್ತಿದ ಕೂಡಲೇ ನಾವು ತಾಯಿಯನ್ನು ನೋಡುತ್ತೇವೆ, ಮಗುವನ್ನು ನೋಡುತ್ತೇವೆ. ಒಳಗಿನ ಈ ಹುಡುಗಿ ಕಣ್ಣಿಗೆ ಬೀಳುವುದು ತಡವಾಗಿ.

ಎರಡು ಮಾತು, ಎರಡೂ ಕೇಳಿದ್ದೇ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಯಾವ ಸನ್ಮಾನ ಸಮಾರಂಭಕ್ಕೆ ಹೋದರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: ‘ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು.’ ಹೇಳುವವರು ಮೇಷ್ಟ್ರಾಗಿರಬಹುದು, ಬ್ಯಾಂಕ್ ಮ್ಯಾನೇಜರ್ ಆಗಿರಬಹುದು, ದುಬೈಯಿಂದ ಬಂದ ಇಂಜಿನಿಯರ್ ಆಗಿರಬಹುದು.

ಇನ್ನೊಂದು ಮಾತು ಪೇಟೆಯದು. ಮಗುವಿನ ಮಾರ್ಕ್ಸ್ ಇಳಿದ ದಿನ ಪೋಷಕರ ಸಭೆಯಲ್ಲಿ ಟೀಚರ್ ಕೇಳುವ ಪ್ರಶ್ನೆ: ‘ಅಮ್ಮ ಕೆಲಸಕ್ಕೆ ಹೋಗ್ತಾರಾ?’ ಪಕ್ಕದಲ್ಲೇ ಕೂತ ಅಪ್ಪನೂ ಕೆಲಸಕ್ಕೆ ಹೋಗುತ್ತಾನೆ. ಅದನ್ನು ಯಾರೂ ಕೇಳುವುದಿಲ್ಲ.

ಮೊದಲನೇ ಮಾತಿನ ಪ್ರಕಾರ ತಾಯಿಯ ದುಡಿಮೆಯಿಂದ ಮಗು ಓದಿತು. ಎರಡನೆಯದರ ಪ್ರಕಾರ ಅದರಿಂದಲೇ ಓದು ಕೆಟ್ಟಿತು. ತಮಾಷೆಯೆಂದರೆ ಎರಡಕ್ಕೂ ಅಷ್ಟಿಷ್ಟು ಆಧಾರ ಇದೆ. ದುಡಿಮೆ ಮನೆಗೆ ಒಂದನ್ನು ತರುತ್ತದೆ, ಒಂದನ್ನು ಒಯ್ಯುತ್ತದೆ. ತರುವುದು ದುಡ್ಡು, ಒಯ್ಯುವುದು ಹೊತ್ತು. ದುಡ್ಡು ಕಣ್ಣಿಗೆ ಕಾಣುತ್ತದೆ. ಎಣಿಸಬಹುದು, ಸಾಲ ಕೊಡಬಹುದು, ಫೀಸು ಕಟ್ಟಬಹುದು. ಹೊತ್ತು ಹಾಗಲ್ಲ. ತಾಯಿ ಬಿಟ್ಟು ಹೋದ ಹೊತ್ತನ್ನು ಮನೆಯಲ್ಲಿ ಯಾರು ತುಂಬಿಸಿದರು ಎಂದು ಕೇಳದೆ ಈ ಎರಡು ಮಾತುಗಳ ಜಗಳ ಬಗೆಹರಿಯುವುದಿಲ್ಲ.

ಚಹಾ ಗಿಡ ಹೇಳಿದ್ದು

ಮೊದಲು ದುಡ್ಡಿನ ವಿಷಯ. ಮನೆಗೆ ಬರುವ ನೂರು ರೂಪಾಯಿ ಅಪ್ಪನ ಜೇಬಿನಲ್ಲಿದ್ದರೂ ಅಮ್ಮನ ಡಬ್ಬಿಯಲ್ಲಿದ್ದರೂ ನೂರು ರೂಪಾಯಿಯೇ ತಾನೆ? ಅರ್ಥಶಾಸ್ತ್ರದ ಪಠ್ಯಗಳು ಬಹಳ ಕಾಲ ಹಾಗೇ ಅಂದುಕೊಂಡಿದ್ದವು. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದ ನಮ್ಮ ಅಜ್ಜಿಯರು ಅಂದುಕೊಂಡಿರಲಿಲ್ಲ.

ಇದನ್ನು ಅಚ್ಚುಕಟ್ಟಾಗಿ ತೋರಿಸಿದ್ದು ಚೀನಾದ ಒಂದು ಕತೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರ ಕೃಷಿ ಸುಧಾರಣೆಗೆ ಕೈಹಾಕಿ ವಾಣಿಜ್ಯ ಬೆಳೆಗಳ ಬೆಲೆ ಏರಿಸಿತು. ಚಹಾ ಬೆಳೆಯುವ ಊರುಗಳಲ್ಲಿ ಎಲೆ ಕೀಳುವುದು ಹೆಚ್ಚಾಗಿ ಹೆಂಗಸರ ಕೆಲಸ. ಗಿಡ ಗಿಡ್ಡ, ಚಿಗುರು ನಾಜೂಕು. ಹಣ್ಣಿನ ತೋಟದ ಊರುಗಳಲ್ಲಿ ಮರ ಹತ್ತಬೇಕು, ಬುಟ್ಟಿ ಹೊರಬೇಕು. ಅದು ಗಂಡಸರ ಕೆಲಸ. ಅಂದರೆ ಸರ್ಕಾರ ತನಗೆ ಗೊತ್ತಿಲ್ಲದೆಯೇ ಒಂದು ಕಡೆ ಹೆಂಗಸರ ಗಳಿಕೆ ಹೆಚ್ಚಿಸಿತು, ಇನ್ನೊಂದು ಕಡೆ ಗಂಡಸರದ್ದು.

ಮುಂದೇನಾಯಿತು ಎಂದು ನ್ಯಾನ್ಸಿ ಚಿಯನ್ ಎಂಬ ಅರ್ಥಶಾಸ್ತ್ರಜ್ಞೆ ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದರು. ಚಹಾದ ಊರುಗಳಲ್ಲಿ ಉಳಿದು ಬೆಳೆದ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಾಯಿತು. ಗಂಡು ಹೆಣ್ಣು ಇಬ್ಬರ ಓದೂ ಮುಂದುವರಿಯಿತು. ಹಣ್ಣಿನ ಊರುಗಳಲ್ಲಿ ಗಂಡುಮಕ್ಕಳ ಓದಿಗೆ ಏನೂ ಆಗಲಿಲ್ಲ, ಹೆಣ್ಣುಮಕ್ಕಳ ಓದು ಇಳಿಯಿತು. ಬಂದ ದುಡ್ಡಿಗೆ ಬಣ್ಣ ಇಲ್ಲದಿರಬಹುದು, ಬಂದ ಕೈಗೆ ಇದೆ.

ನಮ್ಮ ಪಕ್ಕದ ಮನೆಯದೇ ಒಂದು ಉದಾಹರಣೆ ಆಂಧ್ರಪ್ರದೇಶದ್ದು. 2005ರ ಉದ್ಯೋಗ ಖಾತರಿ ಕಾಯ್ದೆ ಹೆಣ್ಣಾಳು ಗಂಡಾಳು ಇಬ್ಬರಿಗೂ ಒಂದೇ ಕೂಲಿ ಎಂದಿತು. ಕೆಲಸ ಪಡೆಯುವವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದಿತು. ಹೊಲದ ಕೂಲಿಯಲ್ಲಿ ಗಂಡಿಗಿಂತ ಕಡಿಮೆ ಪಡೆದೇ ಅಭ್ಯಾಸವಾದ ಹೆಂಗಸರು ಮೊದಲ ಸಲ ಸರಿಸಮ ಕೂಲಿ ಕಂಡರು. ಫರ್ಜಾನಾ ಅಫ್ರಿದಿ, ಅಭಿರೂಪ್ ಮುಖೋಪಾಧ್ಯಾಯ, ಸೋಹಮ್ ಸಾಹು ಎಂಬ ಮೂವರು ಆ ರಾಜ್ಯದ ಮಕ್ಕಳನ್ನು ಕೆಲವು ವರ್ಷದ ಅಂತರದಲ್ಲಿ ಎರಡು ಸಲ ನೋಡಿದ ಅಂಕಿ ಅಂಶ ಹಿಡಿದು 2016ರಲ್ಲಿ ಬರೆದರು: ಮನೆಯ ಖಾತರಿ ಕೆಲಸದಲ್ಲಿ ತಾಯಿಯ ಪಾಲು ಎಷ್ಟು ಹೆಚ್ಚಿತೋ ಮಕ್ಕಳು ಶಾಲೆಯಲ್ಲಿ ಕಳೆಯುವ ಹೊತ್ತೂ ಅಷ್ಟು ಹೆಚ್ಚಿತು, ವಯಸ್ಸಿಗೆ ತಕ್ಕ ತರಗತಿಯಲ್ಲಿ ಇರುವುದೂ ಹೆಚ್ಚಿತು. ಕೂಲಿ ತರುವವಳ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ ಎಂಬುದು ಅವರ ವಿವರಣೆ.

ಅದೇ ಕೆಲಸ, ತಿರುಗಿದ ಫಲ

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಅದೇ ಉದ್ಯೋಗ ಖಾತರಿಯನ್ನು ಇಡೀ ದೇಶದ ಮಟ್ಟದಲ್ಲಿ ನೋಡಿದ ಮನೀಷಾ ಶಾ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಅವರಿಗೆ ಸಿಕ್ಕಿದ್ದು ಬೇರೆ. ಯೋಜನೆ ಬಂದ ಜಿಲ್ಲೆಗಳಲ್ಲಿ ಹರೆಯದ ಮಕ್ಕಳು ಶಾಲೆ ಬಿಡುವುದು ಹೆಚ್ಚಿತು. ಗಂಡುಹುಡುಗರು ಕೂಲಿ ಕಡೆ ಸರಿದರು. ಹುಡುಗಿಯರು ಸರಿದದ್ದು ಮನೆಗೆಲಸದ ಕಡೆ, ಅಮ್ಮ ಬಿಟ್ಟು ಹೋದ ಪಾತ್ರೆ, ಕೊಡ, ಮಗುವಿನ ಕಡೆ.

ಒಂದೇ ಯೋಜನೆ, ಎರಡು ಫಲ. ಯಾರೋ ಒಬ್ಬರು ಲೆಕ್ಕ ತಪ್ಪಿದ್ದಾರೆ ಅನಿಸುವುದು ಸಹಜ. ಆದರೆ ವಯಸ್ಸು ನೋಡಿ. ಏಳು ವರ್ಷದ ಹುಡುಗಿಯಿಂದ ಅಡುಗೆ ಆಗುವುದಿಲ್ಲ, ಹೊರಗೆ ಕೂಲಿಯೂ ಸಿಗುವುದಿಲ್ಲ. ಅಮ್ಮನ ಕೂಲಿಯಿಂದ ಅವಳಿಗೆ ಬರುವುದೆಲ್ಲ ಲಾಭವೇ: ಚಪ್ಪಲಿ, ನೋಟ್ ಪುಸ್ತಕ, ಒಂದು ಮೊಟ್ಟೆ. ಹದಿನಾಲ್ಕರ ಹುಡುಗಿ ಹಾಗಲ್ಲ. ಅವಳ ಒಂದು ದಿನಕ್ಕೆ ಈಗ ಬೆಲೆ ಇದೆ. ಅವಳು ಮನೆಯಲ್ಲಿ ನಿಂತರೆ ಅಮ್ಮ ಹೊರಗೆ ಹೋಗಬಹುದು. ಅವಳು ಶಾಲೆಗೆ ಹೋದರೆ ಅಮ್ಮ ನಿಲ್ಲಬೇಕು. ತಮ್ಮ ತಂಗಿಯರ ಶಾಲೆಯ ಖರ್ಚನ್ನು ಅಕ್ಕ ತನ್ನ ಹಾಜರಿಯಿಂದ ಕಟ್ಟುತ್ತಾಳೆ. ಯಾವ ರಸೀದಿಯಲ್ಲೂ ಅದು ಬರುವುದಿಲ್ಲ.

ಹಾಜರಿ ಪುಸ್ತಕದಲ್ಲಿ ಮಾತ್ರ ಬರುತ್ತದೆ. ಯಾವುದೇ ಹಳ್ಳಿಯ ಹೈಸ್ಕೂಲಿನ ಎಂಟು ಒಂಬತ್ತನೇ ತರಗತಿಯ ಪುಸ್ತಕ ತೆಗೆದು ನೋಡಿ. ಶಾಲೆ ಪೂರಾ ಬಿಟ್ಟವಳ ಹೆಸರಿನ ಮುಂದೆ ಕೆಂಪು ಗೆರೆ ಇರುತ್ತದೆ, ಅದಕ್ಕೆ ಅಧಿಕಾರಿಗಳು ಓಡಿ ಬರುತ್ತಾರೆ. ವಾರಕ್ಕೆರಡು ದಿನ ಚಕ್ಕರ್ ಹೊಡೆಯುವವಳಿಗೆ ಯಾರೂ ಓಡಿ ಬರುವುದಿಲ್ಲ. ಕಳೆ ಕೀಳುವ ವಾರ, ಹತ್ತಿ ಬಿಡಿಸುವ ವಾರ, ಅಮ್ಮನಿಗೆ ಓವರ್‌ಟೈಮ್ ಇರುವ ವಾರ, ಚಿಕ್ಕ ತಂಗಿಗೆ ಜ್ವರ ಬಂದ ವಾರ. ಗಣಿತದಲ್ಲಿ ಭಿನ್ನರಾಶಿ ಮುಗಿದು ಬೀಜಗಣಿತ ಶುರುವಾಗುವ ದಿನವೇ ಅವಳು ಮನೆಯಲ್ಲಿದ್ದರೆ, ಮುಂದಿನ ಎರಡು ವರ್ಷ ಆ ಹುಡುಗಿ ಕ್ಲಾಸಿನಲ್ಲಿ ಕೂತಿದ್ದೂ ಹೊರಗೇ ಇರುತ್ತಾಳೆ.

ಮನೆಯಲ್ಲೇ ಇದ್ದು ದುಡಿದರೆ?

ಹಾಗಾದರೆ ಬೀಡಿ ಒಳ್ಳೆಯದಲ್ಲವೇ, ತಾಯಿ ಮನೆಯಲ್ಲೇ ಇರುತ್ತಾಳಲ್ಲ ಎಂದು ಕೇಳಬಹುದು. ಕರಾವಳಿಯಲ್ಲಿ ಬೀಡಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಮನೆಗೆ ಬರುತ್ತದೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ನಡುವಿನ ಹೊತ್ತು ಅವಳದು. ಅನ್ನ ಬೇಯುವಾಗ ಒಂದಿಷ್ಟು ಕಟ್ಟು, ದನಕ್ಕೆ ಹುಲ್ಲು ಹಾಕಿ ಬಂದು ಇನ್ನೊಂದಿಷ್ಟು, ಟಿ.ವಿ.ಯಲ್ಲಿ ಧಾರಾವಾಹಿ ಮುಗಿಯುವಷ್ಟರಲ್ಲಿ ಮತ್ತಷ್ಟು. ಮಕ್ಕಳು ಶಾಲೆಯಿಂದ ಬಂದಾಗ ಬಾಗಿಲು ತೆರೆದೇ ಇರುತ್ತದೆ.

ಇದರ ಜತೆಗೆ ಇದು ಕಾಗದ ಪತ್ರ ಇರುವ ಕೂಲಿ. 1966ರಲ್ಲಿ ಬೀಡಿ, ಸಿಗಾರ್ ಕಾರ್ಮಿಕರಿಗಾಗಿಯೇ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಗುರುತಿನ ಚೀಟಿ ಇದ್ದವರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ, ಲೆಕ್ಕಕ್ಕೆ ಸಿಕ್ಕವರಿಗೆ ಭವಿಷ್ಯನಿಧಿ (ಪಿ.ಎಫ್.), ಬೋನಸ್ಸು. ಮನೆಗೆಲಸದವರಿಗೋ ಹೊಲದ ಕೂಲಿಯವರಿಗೋ ಇಷ್ಟು ಇಲ್ಲ. ಮಗಳ ಕಾಲೇಜು ಫೀಸಿಗೆ ಪಿ.ಎಫ್. ಬಿಡಿಸಿಕೊಂಡ ಕತೆ ಕರಾವಳಿಯ ಎಷ್ಟೋ ಮನೆಗಳದ್ದು.

ಆದರೆ ಮನೆಗೆ ಬಂದ ಕೆಲಸ ಮನೆಯವರನ್ನೆಲ್ಲ ಕೂರಿಸಿಕೊಳ್ಳುತ್ತದೆ. ಕೂಲಿ ಗಂಟೆಗಲ್ಲ, ಸಾವಿರಕ್ಕೆ. ಇನ್ನೂರು ಬೀಡಿ ಕಮ್ಮಿ ಬಿದ್ದ ಸಂಜೆ ‘ಸ್ವಲ್ಪ ಎಲೆ ಕತ್ತರಿಸಿ ಕೊಡು ಮಗಾ’ ಎಂಬ ಮಾತು ಹೊರಡುವುದು ಯಾರ ಕಡೆಗೆ? ಮಗ ಆಡಲು ಹೋಗಿರುತ್ತಾನೆ. ಹೋಂವರ್ಕ್ ಪುಸ್ತಕ ಬದಿಗೆ ಸರಿಯುತ್ತದೆ, ಕತ್ತರಿ ಹತ್ತಿರ ಬರುತ್ತದೆ. ಬೆರಳು ಸಣ್ಣದಾಗಿರುವಾಗಲೇ ಕಲಿತರೆ ಕೈ ಓಡುತ್ತದೆ ಎಂಬ ಮಾತು ಬೇರೆ. ಹೊಗೆಸೊಪ್ಪಿನ ಪುಡಿ ಇಡೀ ಮನೆಯ ಉಸಿರಿಗೆ ಸೇರುವುದನ್ನು ಇಲ್ಲಿ ಬಿಡಿಸಿ ಹೇಳುತ್ತಿಲ್ಲ. ಬೀಡಿ ಕಟ್ಟುವ ಮನೆಗಳ ಕೆಮ್ಮು ಊರಿಗೇ ಗೊತ್ತು.

ಒಂಬತ್ತು ಗಂಟೆಯ ಗೇಟು

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಬೆಳಗು ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಹೊತ್ತು ಅವಳದಲ್ಲ, ಕಂಪನಿಯದು. ಮದ್ದೂರು, ರಾಮನಗರ, ಕನಕಪುರದ ಹಳ್ಳಿಗಳಿಂದಲೂ ಬಸ್ಸುಗಳು ಹೆಂಗಸರನ್ನು ತುಂಬಿಕೊಂಡು ಗಾರ್ಮೆಂಟ್ಸ್ ಕಡೆ ಹೊರಡುತ್ತವೆ. ಗೇಟು ಒಂಬತ್ತಕ್ಕೆ ಅಂದರೆ ಬಸ್ಸು ಏಳೂವರೆಗೆ, ಬಸ್ಸು ಏಳೂವರೆಗೆ ಅಂದರೆ ಕುಕ್ಕರ್ ಸೀಟಿ ಐದಕ್ಕೆ. ಸಂಜೆ ಗೇಟು ದಾಟಿ ಮನೆ ಮುಟ್ಟುವ ಹೊತ್ತಿಗೆ ಏಳು. ಅಷ್ಟರಲ್ಲಿ ಶಾಲೆ ಬಿಟ್ಟು ಮೂರು ಗಂಟೆ ಆಗಿರುತ್ತದೆ. ಆ ಮೂರು ಗಂಟೆಗೆ ಹೆಸರಿಲ್ಲ. ಮಗು ಪಕ್ಕದ ಮನೆಯಲ್ಲಿ, ಬೀದಿಯಲ್ಲಿ, ಟ್ಯೂಷನ್ನಿನಲ್ಲಿ ಅಥವಾ ಅಕ್ಕನ ಸೊಂಟದ ಮೇಲೆ ಇರುತ್ತದೆ.

ಕಾನೂನು ಸುಮ್ಮನಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಶಿಶುಪಾಲನಾ ಕೇಂದ್ರದ ಮಾತಿತ್ತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂಬ ನಿಯಮ ಆಯಿತು. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದಾಗ, ಐವತ್ತು ಮಂದಿ ಇರುವ ಸಂಸ್ಥೆಗಳೂ ಶಿಶುಪಾಲನೆಯ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಸೇರಿಸಿದರು. ಓದಲು ಚೆಂದ. ಆದರೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಹೋಗುವುದು ಹೇಗೆ? ಟಾರ್ಗೆಟ್ ಹೆಗಲೇರಿದಾಗ ಮೆಷಿನ್ ಬಿಟ್ಟು ನಾಲ್ಕು ಸಲ ಎದ್ದು ಹೋಗುವುದು ಹೇಗೆ? ಎಷ್ಟೋ ತಾಯಂದಿರು ಮಗುವನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ತಿಂಗಳಿಗೊಮ್ಮೆ ನೋಡಿ ಬರುತ್ತಾರೆ. ಕೋಣೆ ಖಾಲಿ ಇದೆ, ಅವರಿಗೆ ಬೇಕಾಗಿಲ್ಲ ಎಂದು ಆಡಳಿತದವರು ಹೇಳಿದಾಗ ಈ ಬಸ್ಸಿನ ವಿಷಯ ಕೇಳಬೇಕು.

ಈ ಹೆಂಗಸರಿಗೆ ಮಕ್ಕಳ ಓದು ಎಷ್ಟು ಗಂಭೀರ ಎಂಬುದು ಒಂದು ಸಲ ಇಡೀ ದೇಶಕ್ಕೆ ಗೊತ್ತಾಯಿತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿರುವ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಹೊರಡಿಸಿತು. ದೆಹಲಿಯಲ್ಲಿ ಕೂತವರಿಗೆ ಅದು ಮುಪ್ಪಿನ ಉಳಿತಾಯ. ಗಾರ್ಮೆಂಟ್ಸಿನ ಹೆಂಗಸಿಗೆ ಅದು ಮಗನ ಡಿಪ್ಲೊಮಾ, ಮಗಳ ಪಿಯುಸಿ, ಮನೆಯ ಅಡ್ವಾನ್ಸು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಮೆಷಿನ್ ಬಿಟ್ಟು ಎದ್ದು ಬಂದು ಹೊಸೂರು ರಸ್ತೆಯನ್ನೇ ತಡೆದರು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ಮುಂದೆ ನಿಂತ ನಾಯಕರಿರಲಿಲ್ಲ. 19ರ ಸಂಜೆಯೊಳಗೆ ಸರ್ಕಾರ ನಿಯಮ ವಾಪಸ್ ಪಡೆಯಿತು.

ಮನೆಯಲ್ಲೇ ಇರುವ ಟೀಚರಮ್ಮ

ಇನ್ನು ಮಧ್ಯಮ ವರ್ಗ. ಇಲ್ಲಿ ಕತೆ ಬೇರೆ ದಾರಿ ಹಿಡಿಯುತ್ತದೆ. ಎಂ.ಎಸ್ಸಿ. ಮಾಡಿದ ತಾಯಿ, ಮಗ ಒಂದನೇ ಕ್ಲಾಸು ಸೇರಿದ ವರ್ಷ ಕೆಲಸ ಬಿಡುತ್ತಾಳೆ. ಸಂಜೆ ಊಟದ ಮೇಜಿನ ಮೇಲೆ ಶಾಲೆ ಮತ್ತೆ ಶುರು. ಮದುವೆ ಮಾತುಕತೆಯಲ್ಲಿ ‘ಹುಡುಗಿ ಓದಿರಬೇಕು, ಕೆಲಸಕ್ಕೆ ಹೋಗಲೇಬೇಕು ಅಂತೇನಿಲ್ಲ’ ಎಂಬ ಜಾಣ ಮಾತಿನ ಒಳಗುಟ್ಟು ಇದೇ.

ಇದು ಪೇಟೆಯವರ ಹೊಸ ಚಾಳಿಯೂ ಅಲ್ಲ. ಹಸಿರು ಕ್ರಾಂತಿಯ ಕಾಲದ ಭಾರತದ ಹಳ್ಳಿಗಳ ಬಗ್ಗೆ ಜೆರೆ ಬೆರ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಕಂಡಿತ್ತು. ಹೊಸ ಬೀಜ, ಗೊಬ್ಬರ ಬಂದು ಓದಿದ ಗಂಡಸಿಗೆ ಬೆಲೆ ಏರಿದ ಊರುಗಳಲ್ಲಿ, ಓದು ಬಲ್ಲ ಸೊಸೆಗೂ ಬೇಡಿಕೆ ಏರಿತು. ಆಕೆಯನ್ನು ಕೆಲಸಕ್ಕೆ ಕಳಿಸಲಿಕ್ಕಲ್ಲ. ಮೊಮ್ಮಕ್ಕಳಿಗೆ ಪಾಠ ಹೇಳಿಸಲಿಕ್ಕೆ. ಅಂಥ ತಾಯಂದಿರ ಮಕ್ಕಳು ಮನೆಯಲ್ಲಿ ಹೆಚ್ಚು ಹೊತ್ತು ಓದುತ್ತಿದ್ದರು.

ಹೀಗಾಗಿ ‘ತಾಯಿ ಕೆಲಸಕ್ಕೆ ಹೋಗದ ಮನೆಯ ಮಕ್ಕಳು ಚೆನ್ನಾಗಿ ಓದುತ್ತಾರೆ’ ಎಂಬ ಮಾತನ್ನು ಹಾಗೇ ನುಂಗಬಾರದು. ನಮ್ಮ ದೇಶದಲ್ಲಿ ಹೆಂಗಸರ ದುಡಿಮೆಯ ಚಿತ್ರ ಕುದುರೆ ಲಾಳವನ್ನು ತಿರುಗಿಸಿಟ್ಟ ಹಾಗಿದೆ. ಒಂದು ತುದಿಯಲ್ಲಿ ದುಡಿಯದೆ ಗತ್ಯಂತರವಿಲ್ಲದ ಬಡವರು, ಇನ್ನೊಂದು ತುದಿಯಲ್ಲಿ ದೊಡ್ಡ ಓದು ಓದಿ ಕೆಲಸಕ್ಕೆ ಸೇರಿದವರು. ನಡುವೆ ತಗ್ಗು, ಅಲ್ಲಿ ಮನೆಯಲ್ಲಿರುವವರೇ ಹೆಚ್ಚು. ಆರ್ಥಿಕತೆ ಬೆಳೆದಂತೆ ಹೆಂಗಸರ ದುಡಿಮೆ ಹೀಗೆ ಇಳಿದು ಏರುವುದನ್ನು ವಿವರಿಸಿದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ನೊಬೆಲ್ ಬಂತು. ಕೂಲಿ ಮಾಡುವ ತಾಯಿಯ ಮಗು ಹಿಂದೆ ಬಿದ್ದರೆ ಕಾರಣ ಆಕೆಯ ಕೂಲಿಯಲ್ಲ; ಆ ಕೂಲಿಗೆ ತಳ್ಳಿದ ಬಡತನ. ಎಷ್ಟೋ ಸಲ ಕಾರಣವೂ ಕಾರ್ಯವೂ ತಿರುವುಮುರುವು: ಇಂಗ್ಲಿಷ್ ಮೀಡಿಯಂ ಫೀಸು ಕಟ್ಟಬೇಕು ಎಂದೇ ತಾಯಿ ಗಾರ್ಮೆಂಟ್ಸಿಗೆ ಸೇರಿರುತ್ತಾಳೆ. ದುಡಿಮೆಯಿಂದ ಓದು ಬಂತೋ, ಓದಿನ ಆಸೆಯಿಂದ ದುಡಿಮೆ ಬಂತೋ?

ಕಣ್ಣೆದುರಿಗೆ ಒಂದು ಕೆಲಸ

ದುಡ್ಡು, ಹೊತ್ತು ಎರಡನ್ನೂ ಬಿಟ್ಟು ಮೂರನೆಯದೊಂದಿದೆ. ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬ ನಂಬಿಕೆ.

ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ದೆಹಲಿ ಸುತ್ತಮುತ್ತಲಿನ 160 ಹಳ್ಳಿಗಳನ್ನು ಆಯ್ದುಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಊರುಗಳಿಗೆ ಮೂರು ವರ್ಷ ಕಾಲ ಬಿಪಿಒ ಕೆಲಸಕ್ಕೆ ಆಳು ಹುಡುಕುವವರನ್ನು ಕಳಿಸಿದರು. ಅವರು ಬಂದು ಯುವತಿಯರಿಗೆ ಕೆಲಸ ಹೇಗೆ, ಸಂಬಳ ಎಷ್ಟು, ಅರ್ಜಿ ಹಾಕುವುದು ಹೇಗೆ ಎಂದು ಹೇಳಿ ಹೋಗುತ್ತಿದ್ದರು, ಅಷ್ಟೆ. 2012ರಲ್ಲಿ ಬಂದ ಫಲಿತಾಂಶದಲ್ಲಿ ಯುವತಿಯರು ಮದುವೆ, ಬಸಿರು ಮುಂದೂಡಿ ಕೆಲಸವೋ ಕೋರ್ಸೋ ಹಿಡಿದದ್ದಿತ್ತು, ಅದು ನಿರೀಕ್ಷಿತವೇ. ನಾನು ಎರಡು ಸಲ ಓದಿದ್ದು ಚಿಕ್ಕ ಹುಡುಗಿಯರ ವಿಷಯ. ಇನ್ನೂ ಫ್ರಾಕು ಹಾಕುವ, ಕೆಲಸಕ್ಕೂ ತಮಗೂ ಸಂಬಂಧವೇ ಇಲ್ಲದ ಹುಡುಗಿಯರು ಶಾಲೆಯಲ್ಲಿ ಉಳಿಯುವುದು ಹೆಚ್ಚಿತು, ಅವರ ಮೈತೂಕವೂ ಸುಧಾರಿಸಿತು. ಪಕ್ಕದ ಮನೆಯ ಹುಡುಗಿ ಸಂಬಳ ತಂದದ್ದನ್ನು ನೋಡಿದ ತಾಯಿ ತನ್ನ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು ಎಂದು ಬೇಕಾದರೆ ಓದಿಕೊಳ್ಳಿ.

ಬಾಂಗ್ಲಾದೇಶದ ಬಟ್ಟೆ ಕಾರ್ಖಾನೆಗಳ ಸುತ್ತಲೂ ಹೀಗೇ. ರೇಚಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ 2015ರಲ್ಲಿ ತೋರಿಸಿದಂತೆ, ಕಾರ್ಖಾನೆ ಹತ್ತಿರವಿದ್ದ ಹಳ್ಳಿಗಳ ಹುಡುಗಿಯರು ತಮ್ಮ ಅಣ್ಣತಮ್ಮಂದಿರಿಗೆ ಹೋಲಿಸಿದರೆ ಸುಮಾರು ಒಂದೂವರೆ ವರ್ಷ ಹೆಚ್ಚು ಓದಿದರು. ಹೊಲಿಗೆ ಯಂತ್ರದ ಮುಂದೆ ಕೂರಲೂ ಅಕ್ಷರ, ಅಂಕಿ ಬೇಕು. ಆದರೆ ಇಲ್ಲೂ ಒಂದು ಗಂಟು: ವಯಸ್ಸಿಗೆ ಬಂದ ಹುಡುಗಿಯರನ್ನು ಕಾರ್ಖಾನೆ ನೇರ ಕೆಲಸಕ್ಕೇ ಎಳೆದುಕೊಂಡಿತು.

ಬಿಸಿಯೂಟವೆಂಬ ಎರಡು ಗಂಟೆ

ತಾಯಿಯ ಹೊತ್ತನ್ನು ಅಕ್ಕನ ಬದಲು ಬೇರೆ ಯಾರಾದರೂ ತುಂಬಿಸಿಕೊಟ್ಟರೆ? ಕೆಲವು ಕಡೆ ಅದು ಆಗಿದೆ, ನಾವು ಆ ಹೆಸರಿನಲ್ಲಿ ಕರೆಯುವುದಿಲ್ಲ ಅಷ್ಟೆ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. ಹಸಿವು, ಹಾಜರಾತಿ, ಅಪೌಷ್ಟಿಕತೆ ಎಂಬ ಮಾತುಗಳಲ್ಲಿ ಇದನ್ನು ಹೊಗಳುತ್ತೇವೆ. ಹೊಲಕ್ಕೆ ಹೋಗುವ ತಾಯಿಯನ್ನು ಕೇಳಿದರೆ ಬೇರೆ ಉತ್ತರ ಬಂದೀತು: ಮಧ್ಯಾಹ್ನದ ಅಡುಗೆ ತಪ್ಪಿತು. ಮಗುವಿಗೆ ಉಣ್ಣಿಸಲು ಮನೆಗೆ ಓಡಿ ಬರುವುದು, ಇಲ್ಲವೇ ಅದಕ್ಕಾಗಿ ದೊಡ್ಡ ಮಗಳನ್ನು ಮನೆಯಲ್ಲಿ ನಿಲ್ಲಿಸುವುದು ತಪ್ಪಿತು. ಊಟದ ಯೋಜನೆ ಎಂದು ಶುರುವಾದದ್ದು ಸದ್ದಿಲ್ಲದೆ ದುಡಿಯುವ ತಾಯಂದಿರ ಯೋಜನೆಯೂ ಆಗಿದೆ. ಆ ಅನ್ನ ಬೇಯಿಸುವ ಬಿಸಿಯೂಟದ ಅಕ್ಕಂದಿರೂ ಕಡಿಮೆ ಗೌರವಧನಕ್ಕೆ ದುಡಿಯುವ ತಾಯಂದಿರೇ.

ಅಂಗನವಾಡಿಯೂ ಇಂಥದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಸಿಕ್ಕ ಜಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ. ಮಗುವಿನ ತೂಕ, ಲಸಿಕೆ, ಆಟ ಪಾಠಕ್ಕೆಂದು ಮಾಡಿದ ವ್ಯವಸ್ಥೆ ಅದು. ತಾಯಿಯ ಗೇಟಿನ ಟೈಮು ಯಾರ ಮನಸ್ಸಿನಲ್ಲೂ ಇರಲಿಲ್ಲ. ಆರೇಳು ತಿಂಗಳ ಕೂಸನ್ನು ಅಲ್ಲಿ ಬಿಟ್ಟು ಹೋಗಲಾಗದು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ತಾಯಿ ಇನ್ನೂ ಬದುವಿನ ಮೇಲೋ ಗಾರ್ಮೆಂಟ್ಸಿನ ಬ್ಯಾಚಿನಲ್ಲೋ ಇರುತ್ತಾಳೆ. ಅಂಗನವಾಡಿಯಿಂದ ತಮ್ಮನನ್ನು ಕರೆದುಕೊಂಡು ಬರುವ ಕೆಲಸ ಯಾರದೆಂದು ಹೇಳಬೇಕಿಲ್ಲ.

ಈ ಬಿರುಕಿಗೆ ಕೈಹಾಕಿದ್ದು ‘ಕೂಸಿನ ಮನೆ’. 2023ರ ರಾಜ್ಯ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಎಂದು ಘೋಷಣೆಯಾದ ಈ ಶಿಶುಪಾಲನಾ ಕೇಂದ್ರಗಳು ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಬಂದವು. ಐದು ಅಥವಾ ಅದಕ್ಕಿಂತ ಹೆಚ್ಚು ಎಳೆ ಮಕ್ಕಳು ಬಂದ ಕಡೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಬೇಕು ಎಂದು ಖಾತರಿ ಕಾಯ್ದೆಯಲ್ಲೇ ಇತ್ತು. ಬಿಸಿಲಲ್ಲಿ, ಮರದ ನೆರಳಲ್ಲಿ ಸೀರೆ ಜೋಲಿ ಕಟ್ಟಿಯೇ ಅದು ಮುಗಿಯುತ್ತಿತ್ತು. ಈಗ ಗೋಡೆ, ಚಾಪೆ, ಬಾಗಿಲಿರುವ ಒಂದು ಜಾಗ. ಎಲ್ಲ ಕಡೆ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಆದರೆ ದಿಕ್ಕು ಸರಿ: ಮಗುವಿನ ಹೊಟ್ಟೆಯನ್ನೂ ತಾಯಿಯ ಕೂಲಿಯನ್ನೂ ಒಟ್ಟಿಗೆ ನೋಡಿದ ಯೋಜನೆ ಇದು. ಅಕ್ಕನ ಶಾಲೆ ಅದರ ಗುರಿಗಳ ಪಟ್ಟಿಯಲ್ಲಿ ಇರಲಿಕ್ಕಿಲ್ಲ, ಆದರೂ ಹೆಚ್ಚು ಲಾಭವಾಗುವುದು ಅವಳಿಗೇ ಇರಬಹುದು.

ಗುಳೆ ಹೋಗುವವರ ಮಾತು ಬೇರೆ. ರಾಯಚೂರು, ಯಾದಗಿರಿ ಕಡೆಯಿಂದ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದರೆ ಮಗು ಊರ ಶಾಲೆಯ ಹಾಜರಿಯಲ್ಲೂ ಇರುತ್ತದೆ, ಬೆಂಗಳೂರಿನ ಶೆಡ್ಡಿನಲ್ಲೂ ಇರುತ್ತದೆ, ಪಾಠದಲ್ಲಿ ಮಾತ್ರ ಎಲ್ಲಿಯೂ ಇರುವುದಿಲ್ಲ. ಅದು ಬೇರೆಯೇ ಲೇಖನದ ವಿಷಯ.

ಅಪ್ಪನ ಒಂಬತ್ತು ನಿಮಿಷ

ಇಷ್ಟೆಲ್ಲ ಹೇಳುವಾಗ ಒಬ್ಬರನ್ನು ಕೇಳುವುದೇ ಮರೆತಿದ್ದೇವೆ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದಾರಲ್ಲ?

ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ 299 ನಿಮಿಷ, ಗಂಡಸರು 97. ಐದು ವರ್ಷ ಬಿಟ್ಟು 2024ರಲ್ಲಿ ಮತ್ತೆ ಕೇಳಿದರು. ಹೆಂಗಸರದು 289ಕ್ಕೆ ಇಳಿದಿತ್ತು, ಹತ್ತು ನಿಮಿಷ ಕಮ್ಮಿ. ಅದನ್ನು ಗಂಡಸರು ವಹಿಸಿಕೊಂಡಿರಬೇಕು ಅಂದುಕೊಂಡು ಪಕ್ಕದ ಸಾಲು ನೋಡಿದರೆ 88. ಅಲ್ಲೂ ಒಂಬತ್ತು ನಿಮಿಷ ಇಳಿದಿದೆ. ಮಿಕ್ಸಿಗೋ ಗ್ಯಾಸಿಗೋ ನಲ್ಲಿ ನೀರಿಗೋ ಇಬ್ಬರೂ ಕೂಡಿ ಕೈಮುಗಿದಿರಬೇಕು.

ಇದೇ ಅವಧಿಯ ಆಸುಪಾಸಿನಲ್ಲಿ ದುಡಿಮೆಗೆ ಇಳಿದ ಹೆಂಗಸರ ಪ್ರಮಾಣ ಏರುತ್ತಲೇ ಇತ್ತು. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರು 2017–18ರಲ್ಲಿ ಶೇ 23.3 ಇದ್ದದ್ದು 2023–24ಕ್ಕೆ ಶೇ 41.7 ಎಂದು ಸರ್ಕಾರದ್ದೇ ಲೆಕ್ಕ. ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಇದರಲ್ಲಿ ಸೇರಿದ್ದಾರೆ. ಕೈಗೆ ಕೂಲಿ ಬಾರದ ದುಡಿಮೆಗೂ ಹೊತ್ತು ಹೋಗುತ್ತದೆ ಎಂಬುದನ್ನು ಈ ಅಂಕಿಯನ್ನು ಸಂಭ್ರಮಿಸುವಾಗ ಮರೆಯುವಂತಿಲ್ಲ. ಚಹಾ ಗಿಡದ ಊರಿನ ಪವಾಡ ನಡೆಯಬೇಕಾದರೆ ಎಲೆ ಕಿತ್ತವಳ ಕೈಗೇ ಕಾಸು ಬರಬೇಕು.

ಮತ್ತೆ ಜಗಲಿಗೆ

ಬೀಡಿ ಈಗ ಇಳಿಮುಖ. ಸೇದುವವರು ಕಮ್ಮಿ, ಎಲೆ ಕೊಡುವುದು ಕಮ್ಮಿ, ವಾರದಲ್ಲಿ ಎಷ್ಟೋ ದಿನ ಬ್ರಾಂಚಿನಲ್ಲಿ ಕೆಲಸವೇ ಇರುವುದಿಲ್ಲ. ಕಟ್ಟುವವರಲ್ಲಿ ಉಳಿದವರು ಹೆಚ್ಚಾಗಿ ಐವತ್ತು ದಾಟಿದವರು. ಅವರ ಹೆಣ್ಣುಮಕ್ಕಳಿಗೆ ಎಲೆ ಸುತ್ತಲು ಬರುತ್ತದೆ, ಆದರೆ ಸುತ್ತುವುದಿಲ್ಲ. ಬೆಳಗಾದರೆ ಅವರು ದೇರಳಕಟ್ಟೆಯ ಆಸ್ಪತ್ರೆಗಳಿಗೆ, ಮಂಗಳೂರಿನ ಜವಳಿ ಅಂಗಡಿಗಳಿಗೆ, ಫೈನಾನ್ಸ್ ಆಫೀಸುಗಳಿಗೆ ಬಸ್ಸು ಹತ್ತುತ್ತಾರೆ. ಎಂಟನೇ ಕ್ಲಾಸಿನಲ್ಲಿ ಗಂಜಿ ಇಳಿಸುತ್ತಿದ್ದ ಹುಡುಗಿ, ಹೇಗೋ ಪಿಯುಸಿ ದಾಟಿದ್ದರೆ, ಇಂದು ಅದೇ ಬಸ್ಸಿನಲ್ಲಿರಬಹುದು.

ಅವಳ ಮಗು ಅಜ್ಜಿಯ ಹತ್ತಿರ. ಈಗಷ್ಟೇ ಅಂಬೆಗಾಲಿಡುತ್ತಿದೆ, ಸಿಕ್ಕಿದ್ದೆಲ್ಲ ಬಾಯಿಗೆ. ಹೊಗೆಸೊಪ್ಪಿನ ಪುಡಿ ನೆಲದಲ್ಲಿ ಇಡುವ ಹಾಗಿಲ್ಲ. ಹಾಗಾಗಿ ಮೂವತ್ತು ವರ್ಷ ತೊಡೆಯ ಮೇಲಿದ್ದ ಮೊರ ಈಗ ಹಗಲೆಲ್ಲ ಕಪಾಟಿನ ನೆತ್ತಿಯಲ್ಲಿ. ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಿ, ತೂಗಿ, ಉಸಿರು ನಿಧಾನವಾದದ್ದನ್ನು ನೋಡಿಕೊಂಡು ಅಜ್ಜಿ ಸ್ಟೂಲು ಎಳೆದು ಮೊರ ಇಳಿಸುತ್ತಾಳೆ. ತೊಟ್ಟಿಲ ಹಗ್ಗದ ತುದಿ ಕಾಲಿನ ಹೆಬ್ಬೆರಳಿಗೆ. ಕೈ ಎಲೆ ಸುತ್ತುತ್ತದೆ, ಕಾಲು ತೂಗುತ್ತದೆ. ನಾಲ್ಕು ಕಟ್ಟು ಆಗುವಷ್ಟರಲ್ಲಿ ತೊಟ್ಟಿಲು ಅಲುಗುತ್ತದೆ. ಐದನೆಯದಕ್ಕೆ ಇನ್ನೂ ಹನ್ನೊಂದು ಬೀಡಿ ಬಾಕಿ.